ನಕ್ಷತ್ರ ಪಿಜ್ಜಾಕ್ಕೋ, ಸೋಫಾಕ್ಕೋ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ನಮ್ಮ ರಾಯಚೂರಿನ ಪಿಜ್ಜಾ ಅಂಗಡಿಗಳ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಆರು ಅಂಗಡಿ. ಆರಕ್ಕೂ ನಾಲ್ಕೂವರೆ ನಕ್ಷತ್ರ. ಐದಕ್ಕೆ 'ಬಾಯಲ್ಲಿ ನೀರೂರಿಸುವ' ಎಂಬ ಮಾತು, ಆರನೆಯದಕ್ಕೆ 'ಬಾಯಲ್ಲಿಟ್ಟರೆ ಕರಗುವ'. ಪಿಜ್ಜಾ ಬಾಯಲ್ಲಿ ಕರಗಿತು ಅಂದರೆ ಅದು ಬೆಂದಿಲ್ಲ ಅಂತ ಅರ್ಥ. ಎಷ್ಟು ಇಂಚಿನದು ತಿಂದರು, ಎಷ್ಟು ರೂಪಾಯಿ ಕೊಟ್ಟರು, ತಟ್ಟೆಗೆ ಬಂದಾಗ ಬಿಸಿ ಇತ್ತಾ, ಒಂದೂ ಇಲ್ಲ. ಸೋಫಾದ ಬಣ್ಣ ಮಾತ್ರ ಇತ್ತು.

ಇದನ್ನೆಲ್ಲ ಕೇಳಲಿಕ್ಕೆ ನೀನು ಯಾರಪ್ಪಾ ಅಂತ ಅನ್ನಿಸಬಹುದು. ನಮ್ಮೂರ ಮಾರುಕಟ್ಟೆ ರಾಜೇಂದ್ರ ಗಂಜಿನ ಒಂದು ಅಡತ್ (ದಲಾಲಿ) ಅಂಗಡಿಯಲ್ಲಿ 38 ವರ್ಷ ಗುಮಾಸ್ತನಾಗಿದ್ದವನು ನಾನು. ಲೆಕ್ಕ ಬರೆಯುವುದು ಅರ್ಧ ಕೆಲಸ, ಹತ್ತಿ ನೋಡುವುದು ಇನ್ನರ್ಧ. ರಾಶಿಯ ಮೇಲಿನ ಹತ್ತಿ ನೋಡಿ ದರ ಹೇಳಿದರೆ ಸಾಹುಕಾರರು ಬೈಯುತ್ತಿದ್ದರು. ಕೈ ಮೊಣಕೈವರೆಗೆ ಒಳಗೆ ಹೋಗಬೇಕು. ಒಳಗಿನ ಒಂದು ಮುಷ್ಟಿ ಎಳೆದು, ಹಿಂಜಿ, ಎಳೆಯನ್ನ ಎರಡು ಕೈ ಬೆರಳ ನಡುವೆ ಹಿಡಿದು ಉದ್ದ ನೋಡಬೇಕು. ಆಮೇಲೆ ಬೀಜ ಹಲ್ಲಲ್ಲಿ ಕಡಿಯಬೇಕು. ಕಟ್ ಅಂತ ಸದ್ದು ಬಂದರೆ ಒಣಗಿದೆ. ಮೆತ್ತಗೆ ಒತ್ತಿಕೊಂಡರೆ ನೀರು ಕುಡಿದಿದೆ, ದರ ಇಳಿಸು. ಆನ್‌ಲೈನ್ ಟೆಂಡರ್ ಬಂದ ಮೇಲೂ ಖರೀದಿದಾರರು ರಾಶಿಗೆ ಕೈ ಹಾಕದೆ ದರ ಹಾಕಿದ್ದನ್ನ ನಾನು ನೋಡಲಿಲ್ಲ.

ಪಿಜ್ಜಾಕ್ಕೂ ನನಗೂ ಸಂಬಂಧ ಬಂದದ್ದು ಮೊಮ್ಮಗಳಿಂದ. ಒಂಬತ್ತನೇ ಕ್ಲಾಸು. ತಿಂಗಳಿಗೆ ಎರಡು ಶನಿವಾರ ಅವಳನ್ನ ಪಿಜ್ಜಾಕ್ಕೆ ಕರೆದುಕೊಂಡು ಹೋಗಬೇಕು ಅಂತ ಮನೆಯಲ್ಲಿ ಕರಾರಾಗಿದೆ. ದುಡ್ಡು ನನ್ನದು, ಆಯ್ಕೆ ಅವಳದು. ಸುಮ್ನೆ ಕೂತು ತಿಂದು ಬರುವುದು ನನಗಾಗಲಿಲ್ಲ. ಹಳೇ ಕೆಂಪು ಬಟ್ಟೆಯ ಖಾತೆ ಪುಸ್ತಕ ಒಂದು ಖಾಲಿ ಉಳಿದಿತ್ತು. ಅದರಲ್ಲಿ ಗೆರೆ ಎಳೆದೆ. ತಾರೀಖು, ಗಂಟೆ, ಅಂಗಡಿ, ಹೆಸರು, ಇಂಚು, ದರ, ಎಷ್ಟು ನಿಮಿಷಕ್ಕೆ ಬಂತು, ನನ್ನ ಅಂಕ, ಅವಳ ಅಂಕ. ಒಂದೂವರೆ ವರ್ಷದಲ್ಲಿ 34 ಸಾಲು ತುಂಬಿವೆ. 'ತಾತಾ, ಗಂಜಿನಾಗ ಹತ್ತಿ ನೋಡಿದಂಗ ನೋಡಬ್ಯಾಡ, ಎಲ್ಲಾರೂ ನಮ್ಮನ್ನ ನೋಡಾಕತ್ತಾರ' ಅಂತ ಅವಳು ಮೊದಮೊದಲು ನಾಚಿಕೊಳ್ಳುತ್ತಿದ್ದಳು. ಈಗ ಟೇಪು ಅವಳೇ ತರುತ್ತಾಳೆ.

ಟೇಪಿನ ಮಾತು ಬಂತು, ಅದನ್ನೇ ಮೊದಲು ಹೇಳ್ತೀನಿ. ಒಂದು ಅಂಗಡಿಯಲ್ಲಿ ಮೀಡಿಯಂ ಅಂದರೆ 10 ಇಂಚು ಅಂತ ಬೋರ್ಡಿನಲ್ಲೇ ಬರೆದಿತ್ತು. ಅಡ್ಡಕ್ಕೆ ಟೇಪು ಹಿಡಿದರೆ 9. ತಿರುಗಿಸಿ ಹಿಡಿದರೂ 9. 'ಒಂದಿಂಚಿಗೆ ಏನಾಗ್ತದ ಅಂಕಲ್' ಅಂದ ಗಲ್ಲಾಪೆಟ್ಟಿಗೆಯ ಹುಡುಗ. ಏನಾಗುತ್ತದೆ ಅಂತ ಮೊಮ್ಮಗಳೇ ಟಿಶ್ಯೂ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದಳು. ದುಂಡಗಿನ ವಸ್ತುವಿನ ಲೆಕ್ಕ ಅಡ್ಡಳತೆಯ ವರ್ಗದ ಮೇಲೆ ನಿಂತಿರುತ್ತದೆ. ಹತ್ತು ಹತ್ತಲೆ ನೂರು, ಒಂಬತ್ತೊಂಬತ್ತಲೆ ಎಂಬತ್ತೊಂದು. ಒಂದಿಂಚು ಹೋದರೆ ನೂರಕ್ಕೆ 19 ಪಾಲು ಹೋಯಿತು. ಐದು ಜನ ಕೂತರೆ ಒಬ್ಬ ಬರಿಗೈಲಿ ಏಳಬೇಕು. ಇದೇ ಲೆಕ್ಕದಲ್ಲಿ ಇನ್ನೊಂದು ಮೋಜಿದೆ. 'ಒಂದು ಕೊಂಡರೆ ಒಂದು ಉಚಿತ' ಅಂತ 7 ಇಂಚಿನವು ಎರಡು ಕೊಡುತ್ತಾರಲ್ಲ, ಏಳೇಳಲೆ ನಲವತ್ತೊಂಬತ್ತು, ಎರಡು ಸೇರಿ 98. ಎರಡು ಸಣ್ಣವು ಸೇರಿದರೂ 10 ಇಂಚಿನ ಒಂದಕ್ಕೆ ಸಮ ಆಗುವುದಿಲ್ಲ. ಅಂಚಿನ ಒಣ ಭಾಗ ಬೇರೆ ಜಾಸ್ತಿ. ನಿಮ್ಮ ಪುರವಣಿಯವರು ಇಷ್ಟನ್ನು ಬರೆದಿದ್ದರೂ ಓದುಗನ ಜೇಬಿಗೆ ಉಪಕಾರವಾಗುತ್ತಿತ್ತು.

ರುಚಿಯ ವಿಷಯಕ್ಕೆ ಬಂದರೆ ನನ್ನ ನಿಯಮ ಒಂದೇ. ಯಾವ ಅಂಗಡಿಗೆ ಹೋದರೂ ಮೊದಲ ಸಲ ಸಾದಾದ್ದೇ ತಿನ್ನಬೇಕು. ಟೊಮ್ಯಾಟೊ, ಚೀಸು, ಸಿಕ್ಕರೆ ಎರಡು ತುಳಸಿಯಂಥ ಎಲೆ. ಮಾರ್ಗರಿಟಾ ಅಂತಾರೆ. 1889ರಲ್ಲಿ ಇಟಲಿಯ ರಾಣಿಗೆ ನೇಪಲ್ಸ್ ಊರಿನ ರಫಾಯೆಲೆ ಎಸ್ಪೊಸಿತೊ ಎಂಬ ಬಾಣಸಿಗ ಮಾಡಿಕೊಟ್ಟ, ಅವಳ ಹೆಸರೇ ಅದಕ್ಕೆ ಬಂತು ಅಂತ ಕತೆ. ಕತೆ ನಿಜವೋ ಅಲ್ಲವೋ ಅಂತ ಇತಿಹಾಸ ಬಲ್ಲವರು ಇವತ್ತಿಗೂ ಜಗಳ ಆಡುತ್ತಾರೆ. ನನಗೆ ಬೇಕಾದ್ದು ಅದಲ್ಲ. ಸಾದಾ ಪಿಜ್ಜಾದಲ್ಲಿ ತಪ್ಪು ಮುಚ್ಚಿಡಲು ಜಾಗ ಇರುವುದಿಲ್ಲ. ನಮ್ಮಲ್ಲಿ ಖಾನಾವಳಿಯನ್ನ ಯಾರಾದರೂ ಹೋಳಿಗೆ ನೋಡಿ ಅಳೆಯುತ್ತಾರಾ? ಜೋಳದ ರೊಟ್ಟಿ ಪದರು ಬಿಟ್ಟಿದೆಯಾ, ಪುಂಡಿಪಲ್ಯ ಹದವಾಗಿದೆಯಾ, ಅಷ್ಟು ನೋಡಿ ಕೂರುವುದೋ ಏಳುವುದೋ ತೀರ್ಮಾನ ಮಾಡುತ್ತೇವೆ. ಮೊಮ್ಮಗಳಿಗೆ ಮೆಕ್ಕೆಜೋಳ, ದೊಣ್ಣಮೆಣಸಿನಕಾಯಿ, ಪನೀರು, ಮೇಲೆ ಬಿಳಿ ಸಾಸು ಎಲ್ಲ ಸುರಿದದ್ದೇ ಇಷ್ಟ. ಅದಕ್ಕೆ ಅವಳು ಎಂಟು ಕೊಟ್ಟಲ್ಲಿ ನಾನು ನಾಲ್ಕು ಕೊಟ್ಟಿದ್ದೇನೆ. ಎರಡನ್ನೂ ಖಾತೆಯಲ್ಲಿ ಬರೆದಿದ್ದೇವೆ. ಸರಾಸರಿ ಮಾಡಿ ಆರು ಅಂತ ಬರೆದರೆ ಅದು ಇಬ್ಬರ ಮಾತೂ ಅಲ್ಲ.

ತುಣುಕು ಎತ್ತಿದ ತಕ್ಷಣ ನಾನು ಮೇಲೆ ನೋಡುವುದಿಲ್ಲ. ಮಗುಚಿ ತಳ ನೋಡುತ್ತೇನೆ. ರೊಟ್ಟಿಗೆ ಬರುವಂಥ ಕಂದು ಚುಕ್ಕೆ ಅಲ್ಲಲ್ಲಿ ಇರಬೇಕು. ಪೂರಾ ಬೆಳ್ಳಗಿದ್ದರೆ ಒಲೆ ಕಾದಿಲ್ಲ, ಅಥವಾ ಪಾಕೀಟಿನ ಸಿದ್ಧ ಬೇಸ್ ಬಿಸಿ ಮಾಡಿ ಕೊಟ್ಟಿದ್ದಾರೆ. ನೇಪಲ್ಸ್ ಪದ್ಧತಿಯಲ್ಲಿ ಕಟ್ಟಿಗೆ ಒಲೆ ಸುಮಾರು 480 ಡಿಗ್ರಿ ಕಾದಿರುತ್ತದಂತೆ, ಪಿಜ್ಜಾ ಒಂದೂವರೆ ನಿಮಿಷದೊಳಗೆ ಹೊರಗೆ. ನಮ್ಮೂರ ಬಿಸಿಲು 45 ಮುಟ್ಟಿದರೂ ಒಲೆ ಅಷ್ಟು ಕಾಯುವುದಿಲ್ಲ, ಅದನ್ನ ಕೇಳುವುದೂ ತಪ್ಪು. ವಿದ್ಯುತ್ ಓವನ್ನಿನಲ್ಲಿ ಆರೇಳು ನಿಮಿಷ ಹಿಡಿದರೂ ತಳ ಗರಿ ಬರಬಹುದು. ಮಾಡುವವನಿಗೆ ತಾಳ್ಮೆ ಇರಬೇಕು ಅಷ್ಟೇ.

ಆಮೇಲೆ ಚೀಸು. ಬಿಸಿಯಲ್ಲಿ ಎಲ್ಲ ಚೀಸೂ ಒಂದೇ ಥರ ಹೊಳೆಯುತ್ತದೆ. ಅದಕ್ಕೆ ನಾನು ಒಂದು ತುಣುಕು ಹತ್ತು ನಿಮಿಷ ಬದಿಗಿಡುತ್ತೇನೆ. ಹಾಲಿನ ಮೊಝರೆಲ್ಲಾ ಆರಿದ ಮೇಲೂ ಸ್ವಲ್ಪ ನಾರು ನಾರಾಗಿ ಎಳೆ ಬಿಡುತ್ತದೆ, ಹಾಲಿನ ವಾಸನೆ ಉಳಿಯುತ್ತದೆ. ನನ್ನ ಕಣ್ಣಿಗೆ ಇದು ಹತ್ತಿಯ ಎಳೆ ನೋಡಿದ ಹಾಗೇ. ಎಣ್ಣೆಯಿಂದ ಮಾಡಿದ ಚೀಸಿನಂಥ ವಸ್ತು ಆರಿದರೆ ಮೇಣದ ಹಾಗೆ ತುಂಡಾಗುತ್ತದೆ, ಅಂಗುಳಕ್ಕೆ ಜಿಡ್ಡು ಮೆತ್ತಿಕೊಳ್ಳುತ್ತದೆ. ಅದನ್ನ ಮಾರುವುದು ಅಪರಾಧ ಅಲ್ಲ. ಆದರೆ ಹಾಲಿನ ಕೊಬ್ಬಿನ ಬದಲು ಎಣ್ಣೆ ಹಾಕಿದ್ದನ್ನ ಚೀಸು ಅಂತ ಕರೆಯುವ ಹಾಗಿಲ್ಲ, ಅನಲಾಗ್, ಅಂದರೆ ಬದಲಿ ವಸ್ತು, ಅಂತ ತಿಳಿಸಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ ಇದೆ. ಬೋರ್ಡಿನಲ್ಲಿ 'ಡಬಲ್ ಚೀಸ್' ಅಂತ ಓದಿ ಹಿಗ್ಗುವ ಬದಲು ಯಾವ ಚೀಸು ಅಂತ ಕೇಳಿ ಬರೆಯುವುದು ಪತ್ರಿಕೆಯವರ ಕೆಲಸ ಅಲ್ವಾ?

ಇನ್ನು ನಕ್ಷತ್ರದ ವಿಷಯ. ಒಂದು ಕಡೆ ನಾವು ಕೂತು ಆರ್ಡರ್ ಕೊಟ್ಟದ್ದೇ ತಡ, ಹುಡುಗ ಒಂದು ಕಾರ್ಡು ತಂದು ಮುಂದಿಟ್ಟ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಐದು ನಕ್ಷತ್ರ ಒತ್ತಿದರೆ ಒಂದು ಕೂಲ್‌ಡ್ರಿಂಕ್ ಪುಕ್ಕಟೆ. ಪಿಜ್ಜಾ ಇನ್ನೂ ಒಲೆಯಲ್ಲಿತ್ತು. ನಾನು ಕೈ ತೊಳೆದು ಬರುವಷ್ಟರಲ್ಲಿ ಮೊಮ್ಮಗಳು ಐದೂ ಒತ್ತಿ, ಬಾಟಲಿಯ ಅರ್ಧ ಮುಗಿಸಿದ್ದಳು. ಪಿಜ್ಜಾ ಬಂತು. ಅಂಚು ಕರಕಲಾಗಿ, ನಡುವೆ ಹಸಿ ಹಿಟ್ಟು ಬೆರಳಿಗೆ ಅಂಟಿತು. ಕೊಟ್ಟ ನಕ್ಷತ್ರ ವಾಪಸ್ ತೆಗಿ ಅಂದೆ. 'ಕುಡಿದಾಗೇತಿ, ಹೆಂಗ ತೆಗೀಲಿ ತಾತಾ' ಅಂದಳು. ಆ ಐದು ನಕ್ಷತ್ರ ಇನ್ನೂ ಅಲ್ಲೇ ಹೊಳೆಯುತ್ತಿವೆ. ಅದನ್ನ ನೋಡಿ ಯಾರೋ ಬಸ್ಸು ಹತ್ತಿ ಬಂದು ಹಸಿ ಹಿಟ್ಟು ತಿಂದಿರಲೂಬಹುದು. ಆನ್‌ಲೈನ್ ವಿಮರ್ಶೆಗಳಿಗೆ ಅಂತಲೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕ ತಂದಿದೆ. ದುಡ್ಡು ಕೊಟ್ಟು ಬರೆಸಿದ ವಿಮರ್ಶೆ ಹಾಕಬಾರದು ಅಂತ ಅದರಲ್ಲಿದೆ. ಕೂಲ್‌ಡ್ರಿಂಕ್ ಕೊಟ್ಟು ಒತ್ತಿಸಿದ್ದು ಬೇರೇನು?

ನನ್ನ ತಪ್ಪನ್ನೂ ಹೇಳಿಬಿಡಬೇಕು. ಒಂದು ಮಳೆಯ ರಾತ್ರಿ ಮನೆಗೇ ತರಿಸಿದ್ದೆವು. 50 ನಿಮಿಷವಾಯಿತು. ಡಬ್ಬಿ ತೆಗೆದರೆ ಚೀಸೆಲ್ಲ ಮುಚ್ಚಳಕ್ಕೆ ಅಂಟಿತ್ತು. ಸಿಟ್ಟಿನಲ್ಲಿ ಒಂದೇ ನಕ್ಷತ್ರ ಒತ್ತಿದೆ. ಬೆಳಿಗ್ಗೆ ಸೊಸೆ ಫೋನು ನೋಡಿ, 'ಮಾವಾ, ಇದು ತಂದುಕೊಟ್ಟ ಹುಡುಗನಿಗೆ ಕೊಡೋ ನಕ್ಷತ್ರ, ಪಿಜ್ಜಾದ್ದು ಕೆಳಗೆ ಬೇರೆ ಇದೆ' ಅಂದಳು. ಹುಡುಗ ಅಂಗಡಿಯಲ್ಲೇ ಅರ್ಧ ತಾಸು ಕಾದಿದ್ದನಂತೆ, ಬಾಗಿಲಲ್ಲಿ ಹೇಳಿಯೇ ಹೋಗಿದ್ದ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಂಗಡಿಯವನ ಸಾಲವನ್ನ ಹಮಾಲನ ಖಾತೆಗೆ ಬರೆದ ಹಾಗಾಯಿತು. 38 ವರ್ಷದಲ್ಲಿ ಅಂಥ ತಪ್ಪು ನಾನು ಮಾಡಿರಲಿಲ್ಲ. ಅವತ್ತಿನಿಂದ ಡಬ್ಬಿಯಲ್ಲಿ ಬಂದದ್ದಕ್ಕೆ ಖಾತೆಯಲ್ಲಿ ಬೇರೆ ಪುಟ. ಅಂಗಡಿಯಲ್ಲಿ ಕೂತು ತಿಂದದ್ದರ ಜೊತೆ ಅದನ್ನ ಹೋಲಿಸುವುದಿಲ್ಲ.

ಬೇಕರಿ ಪಿಜ್ಜಾಕ್ಕೂ ಬೇರೆ ಪುಟ ಬೇಕು. ನಿಮ್ಮ ಬರಹಗಾರರು ಅದನ್ನ ಮುಟ್ಟಿಯೇ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಪಫ್ ಪಕ್ಕ ಕೂತಿರುತ್ತದಲ್ಲ, ಬನ್ನಿನ ಹಾಗೆ ದಪ್ಪ ತಳ, ಸಿಹಿ ಸಾಸು, ಈರುಳ್ಳಿ, ಮೇಲೆ ಚೂರು ಚೀಸಿನ ನೆರಳು. 50 ರೂಪಾಯಿ. ಅದು ಪಿಜ್ಜಾನೇ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಉದ್ದ ಎಳೆಯ ಡಿಸಿಎಚ್ ಹತ್ತಿಯ ದರ ಹಿಡಿದು ಗಿಡ್ಡ ಎಳೆಯ ಹತ್ತಿಯನ್ನ ಬೈಯುವವರು ಗಂಜಿನಲ್ಲಿ ಒಂದು ದಿನ ಬಾಳುವುದಿಲ್ಲ. ಜಾತಿ ಜಾತಿಯೊಳಗೇ ದರ ಕಟ್ಟಬೇಕು. ಮೈಕ್ರೊವೇವಿನಲ್ಲಿ ಇಡಬೇಡಪ್ಪಾ, ಹಂಚಿನ ಮೇಲೆ ಬಿಸಿ ಮಾಡು ಅಂತ ಕೇಳಿ ನೋಡಿ. ತೊಗಲಿನಂತಿದ್ದದ್ದು ಗರಿಯಾಗುತ್ತದೆ. ಒಂದು ಬೇಕರಿ ಪಿಜ್ಜಾಕ್ಕೆ ನಾನು ಏಳು ಕೊಟ್ಟಿದ್ದೇನೆ. ಮದುವೆ ಮನೆಯ ಪಿಜ್ಜಾ ಕೌಂಟರಿನ ಬಗ್ಗೆ ಮಾತ್ರ ಕೇಳಬೇಡಿ. ಸಾಲಿನಲ್ಲಿ ನಿಂತವರ ಅವಸರಕ್ಕೆ ಎಲ್ಲವೂ ಅರ್ಧ ಬೆಂದೇ ಹೊರಗೆ ಬರುತ್ತವೆ.

ಖಾತೆಯಲ್ಲಿ ಒಂಬತ್ತು ಅಂಕ ಪಡೆದ ಅಂಗಡಿ ಒಂದೇ. ಹೆಸರು ಬರೆಯುವುದಿಲ್ಲ, ಬರೆದರೆ ಪ್ರಚಾರ ಅನ್ನುತ್ತೀರಿ. ಒಂದೇ ಓವನ್ನು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಎರಡು ಹೊರಗೆ. ಮಾಡುವವನಿಗೆ ಮೂವತ್ತು ದಾಟಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಹಿಟ್ಟು ನಾದುತ್ತಾನೆ. ಈ ಸೆಕೆಗೆ ಬೆಳಗಿನ ಹಿಟ್ಟು ಮಧ್ಯಾಹ್ನದ ಹೊತ್ತಿಗೆ ಉಬ್ಬಿ ಉಕ್ಕಿ ಹುಳಿ ಹೊಡೆಯುತ್ತದೆ, ಅದನ್ನ ಹಾಕಿದರೆ ತಳ ಮೆತ್ತಗಾಗುತ್ತದೆ ಅಂದ. ಉಳಿದದ್ದು ಏನು ಮಾಡ್ತಿ ಅಂದೆ. 'ಒಗೀತೀನಿ ಯಜಮಾನ್ರ, ಏನ್ ಮಾಡ್ಲಿ' ಅಂದ. ಅವನ 10 ಇಂಚು ಟೇಪಿಗೆ ಹತ್ತೂ ಕಾಲು ಬಂತು. ತುಣುಕು ಎತ್ತಿದರೆ ತುದಿ ಸ್ವಲ್ಪ ಬಾಗಿ ನಿಂತಿತು, ಜೋತು ಬೀಳಲಿಲ್ಲ. ಟೊಮ್ಯಾಟೊ ಹುಳಿ ನಾಲಿಗೆಯ ಬದಿಗೆ ತಾಗಿತು. ಸಕ್ಕರೆ ಹಾಕಿ ಅದನ್ನ ಕೊಂದಿರಲಿಲ್ಲ. ಮೊಮ್ಮಗಳು ಕೂಡ ಮೆಕ್ಕೆಜೋಳ ಕೇಳಲಿಲ್ಲ. ಆ ಅಂಗಡಿಗೆ ಫೋನಿನಲ್ಲಿ ಇರುವುದು 3.6. ಯಾಕೆ ಅಂತ ಓದಿ ನೋಡಿದೆ. ಎಸಿ ಇಲ್ಲ, ಗಾಡಿ ನಿಲ್ಲಿಸಲು ಜಾಗ ಇಲ್ಲ, ಫೋಟೊ ತೆಗೆಯಲು ಬೆಳಕು ಸಾಲದು. ಪಿಜ್ಜಾ ಚೆನ್ನಾಗಿಲ್ಲ ಅಂತ ಒಬ್ಬರೂ ಬರೆದಿಲ್ಲ.

ಓದುಗರು ನನ್ನ ಅಂಕವನ್ನೂ ಹಾಗೇ ನಂಬಬಾರದು ಅಂತ ಒಂದು ಮಾತು ಸೇರಿಸುತ್ತೇನೆ. ನನಗೆ 71. ಅಷ್ಟು ವರ್ಷ ಹತ್ತಿಬೀಜ ಕಡಿದು ಹಲ್ಲು ಹೋಗಿ ಈಗ ಸೆಟ್ಟು ಇದೆ. ತಳ ತೀರಾ ಗಟ್ಟಿ ಅಂತ ನಾನು ಬರೆದಲ್ಲಿ ಒಂದು ಅಂಕ ನೀವೇ ಸೇರಿಸಿಕೊಳ್ಳಿ. ಖಾತೆಯ ಮೊದಲ ಪುಟದಲ್ಲೇ ಇದನ್ನ ಬರೆದಿಟ್ಟಿದ್ದೇನೆ. ನಿಮ್ಮ ಬರಹಗಾರರೂ ಬರೆಯಲಿ. ಬಿಲ್ಲು ಯಾರು ಕೊಟ್ಟರು, ಅಂಗಡಿಯವರೇ ಕರೆದಿದ್ದರಾ, ಎಷ್ಟು ಸಲ ಹೋದರು. ಅದಾದ ಮೇಲೆ ನಕ್ಷತ್ರ ಕೊಡದಿದ್ದರೂ ನಡೆಯುತ್ತದೆ.

ಬರುವ ಶನಿವಾರ ಐದು ಗಂಟೆಗೆ ನಾವಿಬ್ಬರೂ ಆ ನಾಲ್ಕು ಕುರ್ಚಿಯ ಅಂಗಡಿಯಲ್ಲಿರುತ್ತೇವೆ. ಎರಡನೇ ಹಿಟ್ಟು ಆಗ ಹದಕ್ಕೆ ಬಂದಿರುತ್ತದೆ. ಪುರವಣಿಯವರು ಬರುವುದಾದರೆ ಜಾಗ ಎಲ್ಲಿ ಅಂತ ಕಚೇರಿಗೆ ಫೋನು ಮಾಡಿ ತಿಳಿಸುತ್ತೇನೆ. ಕುರ್ಚಿ ಎರಡು ಖಾಲಿ ಇರುತ್ತವೆ, ಹೊರಗಿನವು. ಟೇಪು ನಮ್ಮ ಹತ್ತಿರ ಇದೆ.

ಇಂತಿ,
ಗಂಜಿನ ಒಬ್ಬ ನಿವೃತ್ತ ಗುಮಾಸ್ತ
ರಾಯಚೂರು