ಪ್ರತಿ ತಪ್ಪಿಗೂ ಒಂದು ತೂಕವಿದೆ

ಪ್ರಿಯ ಸತೀಶ,

ಜೀವಕೋಶದಲ್ಲಿ ಯುಬಿಕ್ವಿಟಿನ್ (ಬೇರೆ ಪ್ರೋಟೀನುಗಳಿಗೆ ಗುರುತಿನ ಚೀಟಿಯಂತೆ ಅಂಟುವ ಪುಟ್ಟ ಪ್ರೋಟೀನು) ಅಂಟಿಕೊಂಡ ಪ್ರೋಟೀನುಗಳನ್ನು ಹುಡುಕುವ ಕೆಲಸಕ್ಕೆ ಕೈ ಹಾಕಿದ್ದೀಯ ಎಂದು ತಿಳಿದು ತುಂಬಾ ಖುಷಿಯಾಯಿತು. ಯಾವ ಯಂತ್ರ ಒಳ್ಳೆಯದು ಎಂದು ಕೇಳಿದ್ದೀಯ. ಆ ಮಾತು ಆಮೇಲಕ್ಕಿರಲಿ. ಮಾಸ್ ಸ್ಪೆಕ್ಟ್ರೋಮೀಟರಿಗೆ ಪ್ರೋಟೀನಿನ ಹೆಸರು ಗೊತ್ತಿಲ್ಲ. ಅಯಾನಿನ ತೂಕಕ್ಕೂ ಅದರ ವಿದ್ಯುದಂಶಕ್ಕೂ ಇರುವ ಅನುಪಾತವನ್ನಷ್ಟೇ ಅದು ಅಳೆಯುತ್ತದೆ. ಟ್ಯೂಬಿನೊಳಗೆ ನೀನು ಮಾಡಿದ್ದೆಲ್ಲ ಆ ಸಂಖ್ಯೆಯಲ್ಲಿ ಸೇರಿಹೋಗಿರುತ್ತದೆ. ಹಾಗಾಗಿ ಈ ಪತ್ರದಲ್ಲಿ ಹೆಚ್ಚಿನ ಮಾತು ಟ್ಯೂಬಿನ ಬಗ್ಗೆಯೇ.

ನೀನು ಹುಡುಕುವ ಸಂಖ್ಯೆ 114.0429 ಡಾಲ್ಟನ್ (ಅಣುಗಳ ತೂಕದ ಅಳತೆ). ಯುಬಿಕ್ವಿಟಿನ್ನಿನಲ್ಲಿ 76 ಅಮೈನೊ ಆಮ್ಲಗಳಿವೆ, ಬಾಲದ ತುದಿಯಲ್ಲಿ ಆರ್ಜಿನೈನ್, ಗ್ಲೈಸಿನ್, ಗ್ಲೈಸಿನ್. ಆ ತುದಿಯೇ ಗುರಿ ಪ್ರೋಟೀನಿನ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟುವುದು. ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ಆರ್ಜಿನೈನ್, ಲೈಸಿನ್ ಆದ ಮೇಲೆ ಕತ್ತರಿಸಿ ಪೆಪ್ಟೈಡ್ ಎಂಬ ತುಣುಕುಗಳಾಗಿಸುತ್ತದೆ. ಬಾಲದ ಆ ಆರ್ಜಿನೈನ್ ಆದ ಮೇಲೂ ಅದು ಕತ್ತರಿಸುವುದರಿಂದ ಗುರಿ ಪ್ರೋಟೀನಿನ ಲೈಸಿನ್ ಮೇಲೆ ಎರಡು ಗ್ಲೈಸಿನ್ ಮಾತ್ರ ಉಳಿಯುತ್ತವೆ. ಆ ಎರಡರ ತೂಕವೇ ಇದು.

ಎಲ್ಲರೂ ಎಡವುವ ಜಾಗವೂ ಇಲ್ಲೇ ಇದೆ. ಸಿಸ್ಟೀನ್ ಎಂಬ ಅಮೈನೊ ಆಮ್ಲಗಳು ಮತ್ತೆ ಜೋಡಿಯಾಗದಿರಲೆಂದು ಬಹಳ ಲ್ಯಾಬುಗಳಲ್ಲಿ ಅಯೊಡೊಅಸೆಟಮೈಡ್ ಎಂಬ ರಾಸಾಯನಿಕ ಹಾಕುತ್ತಾರೆ. ಒಂದು ಸಿಸ್ಟೀನಿಗೆ ಅದು 57.02146 ಸೇರಿಸುತ್ತದೆ. ಪ್ರಮಾಣ ಜಾಸ್ತಿಯಾದರೆ, ಬಿಸಿ ಹೆಚ್ಚಾದರೆ, ಲೈಸಿನ್ನಿಗೂ ಅಂಟುತ್ತದೆ, ಅದೂ ಒಂದೇ ಲೈಸಿನ್ನಿಗೆ ಎರಡು ಸಲ. 57.02146ರ ಎರಡರಷ್ಟು ಎಷ್ಟು ಲೆಕ್ಕ ಹಾಕಿ ನೋಡು: 114.0429! ತೂಕ ಹತ್ತಿರ ಹತ್ತಿರ ಅಲ್ಲ, ಪರಮಾಣುಗಳ ಲೆಕ್ಕವೇ ಒಂದು. ಎಷ್ಟೇ ದುಬಾರಿ ಯಂತ್ರ ತಂದರೂ ಒಟ್ಟು ತೂಕದಿಂದ ಇವೆರಡನ್ನು ಬೇರ್ಪಡಿಸಲಾಗದು. ಅದಕ್ಕೇ ನಿನ್ನ ಕೆಲಸಕ್ಕೆ ಕ್ಲೋರೊಅಸೆಟಮೈಡ್ ಬಳಸು. ಸಿಸ್ಟೀನಿನ ಮೇಲೆ ಅದೇ 57 ಬರುತ್ತದೆ, ಲೈಸಿನ್ನಿನ ತಂಟೆಗೆ ಹೋಗುವುದು ತೀರಾ ಕಡಿಮೆ. ಇದರಲ್ಲಿ ರಾಜಿ ಬೇಡ.

ಇನ್ನು ಕೆಲಸದ ಕ್ರಮ. ಕೋಶಗಳಿಗೆ 10 ಮೈಕ್ರೊಮೋಲಾರ್ ಎಂಜಿ132 ಎಂಬ ಔಷಧ ಕೊಟ್ಟು 4 ಗಂಟೆ ಬಿಟ್ಟರೆ ಪ್ರೋಟಿಯಾಸೋಮ್ (ಪ್ರೋಟೀನುಗಳನ್ನು ಚೂರುಮಾಡುವ ಕೋಶದ ಯಂತ್ರ) ನಿಂತು ಯುಬಿಕ್ವಿಟಿನ್ ಹೊತ್ತ ಪ್ರೋಟೀನುಗಳು ಸೇರಿಕೊಳ್ಳುತ್ತವೆ. ಆದರೆ ಅದು ಕೋಶದ ಸಹಜ ಸ್ಥಿತಿ ಅಲ್ಲ, ಔಷಧ ಕೊಡದ ಕೋಶಗಳನ್ನೂ ಜೊತೆಗೇ ಇಟ್ಟುಕೋ. ತಣ್ಣನೆಯ ಪಿಬಿಎಸ್ ಉಪ್ಪುದ್ರಾವಣದಲ್ಲಿ ತೊಳೆದು, 8 ಮೋಲಾರ್ ಯೂರಿಯಾ ಮತ್ತು 50 ಮಿಲಿಮೋಲಾರ್ ಟ್ರಿಸ್ (ಪಿಎಚ್ 8) ಇರುವ ಬಫರಿನಲ್ಲಿ ಒಡೆ. ಅದಕ್ಕೆ 50 ಮೈಕ್ರೊಮೋಲಾರ್ ಪಿಆರ್-619 ಮತ್ತು 1 ಮಿಲಿಮೋಲಾರ್ ಕ್ಲೋರೊಅಸೆಟಮೈಡ್ ಮೊದಲೇ ಸೇರಿರಬೇಕು. ಇಲ್ಲದಿದ್ದರೆ ಯುಬಿಕ್ವಿಟಿನ್ ಬಿಡಿಸುವ ಕಿಣ್ವಗಳು ಕೋಶ ಒಡೆದ ಕ್ಷಣದಿಂದಲೇ ನೀನು ಹುಡುಕುವುದನ್ನು ಅಳಿಸಲು ಶುರುಮಾಡುತ್ತವೆ.

ಯೂರಿಯಾ ದ್ರಾವಣ ಆ ದಿನವೇ ತಯಾರಿಸಿದ್ದಾಗಿರಲಿ, 37 ಡಿಗ್ರಿ ದಾಟಿಸಬೇಡ. ಹಳೆಯದಾದರೆ ಅಥವಾ ಕಾಯಿಸಿದರೆ ಅದರಲ್ಲಿ ಸಯನೇಟ್ ಹುಟ್ಟಿ ಲೈಸಿನ್ನಿಗೂ ಪೆಪ್ಟೈಡಿನ ಅಮೈನೊ ತುದಿಗೂ 43.0058 ಅಂಟಿಸುತ್ತದೆ. ಅಂಥ ಲೈಸಿನ್ನಿನ ಬಳಿ ಟ್ರಿಪ್ಸಿನ್ ಕತ್ತರಿಸುವುದಿಲ್ಲ.

ಪ್ರೋಟೀನಿನ ಅಳತೆಯನ್ನು ಬಿಸಿಎ ವಿಧಾನದಲ್ಲಿ (ತಾಮ್ರದಿಂದ ಬರುವ ಬಣ್ಣ ನೋಡಿ) ಮಾಡುವುದಾದರೆ ಸಿಸ್ಟೀನ್ ಜೋಡಿಗಳನ್ನು ಬಿಡಿಸುವ ಡಿಟಿಟಿ ಹಾಕುವ ಮುಂಚೆಯೇ ಮಾಡು. ಡಿಟಿಟಿ ತಾನೇ ತಾಮ್ರವನ್ನು ಅಪಕರ್ಷಿಸಿ ಸುಳ್ಳು ಬಣ್ಣ ತೋರಿಸುತ್ತದೆ. ಆಮೇಲೆ 5 ಮಿಲಿಮೋಲಾರ್ ಡಿಟಿಟಿ, ಕೋಣೆಯ ಉಷ್ಣತೆಯಲ್ಲಿ 45 ನಿಮಿಷ. 10 ಮಿಲಿಮೋಲಾರ್ ಕ್ಲೋರೊಅಸೆಟಮೈಡ್, ಕತ್ತಲಲ್ಲಿ 30 ನಿಮಿಷ. ಯೂರಿಯಾವನ್ನು ನಾಲ್ಕು ಪಟ್ಟು ತೆಳುವಾಗಿಸಿ 2 ಮೋಲಾರಿಗೆ ಇಳಿಸು, 50 ಭಾಗ ಪ್ರೋಟೀನಿಗೆ 1 ಭಾಗ ಟ್ರಿಪ್ಸಿನ್ ಹಾಕಿ ರಾತ್ರಿಯಿಡೀ ಬಿಡು. ತೆಳುವಾಗಿಸದೆ ಹಾಕಿದರೆ ಟ್ರಿಪ್ಸಿನ್ ಸೊರಗುತ್ತದೆ. ಬೆಳಗ್ಗೆ ಆಮ್ಲ ಹಾಕಿ ಪಿಎಚ್ 3ಕ್ಕಿಂತ ಕೆಳಗೆ ಬಂದಿದೆಯೇ ಎಂದು ಕಾಗದದಲ್ಲಿ ನೋಡಿ, ಗಸಿಯನ್ನು ಸೆಂಟ್ರಿಫ್ಯೂಜಿನಲ್ಲಿ ಕೂರಿಸಿ, ತಿಳಿಯನ್ನು ಪೆಪ್ಟೈಡುಗಳನ್ನು ಹಿಡಿದು ಲವಣಗಳನ್ನು ಬಿಟ್ಟುಬಿಡುವ ಸಿ18 ಕಾಲಮ್ಮಿಗೆ ಹಾಕು.

ಎರಡು ಗ್ಲೈಸಿನ್ ಹೊತ್ತ ಪೆಪ್ಟೈಡುಗಳು ಒಟ್ಟು ಮೊತ್ತದಲ್ಲಿ ಅತ್ಯಲ್ಪ. ಆ ಗುರುತನ್ನು ಹಿಡಿಯುವ ಪ್ರತಿಕಾಯದ ಮಣಿಗಳಿಂದ ಅವನ್ನು ಆರಿಸಿ ತೆಗೆಯಬೇಕು. ಅದಕ್ಕಾಗಿ ಕೆಲವು ಮಿಲಿಗ್ರಾಂ ಪ್ರೋಟೀನಾದರೂ ಕೈಯಲ್ಲಿರಬೇಕು. ಈ ಹಂತದಲ್ಲಿ ಫಲಿತಾಂಶ ಸೊನ್ನೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಹಿಂದಿನ ಹಂತದಿಂದ ಉಳಿದ ಟಿಎಫ್ಎ (ಟ್ರೈಫ್ಲೋರೊಅಸೆಟಿಕ್) ಆಮ್ಲವನ್ನು. ಪೆಪ್ಟೈಡುಗಳನ್ನು ಪೂರ್ತಿ ಒಣಗಿಸದೆ ಬಫರಿನಲ್ಲಿ ಕರಗಿಸಿದರೆ ಪಿಎಚ್ ಕುಸಿದು ಪ್ರತಿಕಾಯ ಏನನ್ನೂ ಹಿಡಿಯುವುದಿಲ್ಲ. ಕರಗಿಸಿದ ಮೇಲೆ ಪಿಎಚ್ 7ರ ಆಸುಪಾಸಿನಲ್ಲಿರಲಿ. ಹಿಡಿದದ್ದನ್ನು ಬಿಡಿಸಲು ಶೇ. 0.15 ಟಿಎಫ್ಎ ಸಾಕು.

ಯಂತ್ರದ ವಿಷಯಕ್ಕೆ ಬಂದರೆ, ಆರ್ಬಿಟ್ರ್ಯಾಪ್ ಆಗಲಿ ಟಿಮ್ಸ್‌ಟಾಫ್ ಆಗಲಿ, ಚೆನ್ನಾಗಿ ನೋಡಿಕೊಂಡದ್ದು ಯಾವುದಾದರೂ ಆದೀತು. 75 ಮೈಕ್ರಾನ್ ಒಳವ್ಯಾಸದ ಕಾಲಮ್ಮು, ನಿಮಿಷಕ್ಕೆ 300 ನ್ಯಾನೊಲೀಟರ್ ಹರಿವು, ಇಷ್ಟಿರಲಿ. ತೆರೆಯ ಮೇಲೆ 44.0262 ಅಂತರದಲ್ಲಿ ಸಾಲುಸಾಲಾಗಿ ಶಿಖರಗಳು ಎದ್ದರೆ ಟ್ರೈಟನ್, ಟ್ವೀನ್‌ನಂಥ ಮಾರ್ಜಕದ ಪಾಲಿಎಥಿಲೀನ್ ಗ್ಲೈಕಾಲ್ ಒಳಗೆ ಬಂದಿದೆ ಎಂದರ್ಥ. ವಿದ್ಯುದಂಶ 2 ಇದ್ದರೆ ಅಂತರ 22.0131 ಎಂದು ಕಾಣುತ್ತದೆ. ಅದರ ಗದ್ದಲದಲ್ಲಿ ನಿನ್ನ ಪೆಪ್ಟೈಡಿನ ದನಿ ಕೇಳಿಸುವುದಿಲ್ಲ.

ಪಟ್ಟಿ ಕೈಗೆ ಬಂದಾಗ ಪೆಪ್ಟೈಡಿನ ಕಟ್ಟಕಡೆಯ ಲೈಸಿನ್ ಮೇಲೆ 114 ತೋರಿಸುವವನ್ನು ನಂಬಬೇಡ. ಎರಡು ಗ್ಲೈಸಿನ್ ಹೊತ್ತ ಲೈಸಿನ್ನಿನ ಬಳಿ ಟ್ರಿಪ್ಸಿನ್ ಕತ್ತರಿಸದು, ಹಾಗಾಗಿ ನಿಜವಾದ ಗುರುತು ಪೆಪ್ಟೈಡಿನ ಒಳಗಿರಬೇಕು, ತುದಿಯಲ್ಲಲ್ಲ. ಪ್ರೋಟೀನಿನದೇ ಕೊನೆಯ ಲೈಸಿನ್ ಆಗಿದ್ದರೆ ಮಾತ್ರ ಬೇರೆ ಮಾತು. ಇನ್ನೊಂದು ಎಚ್ಚರ: ಯುಬಿಕ್ವಿಟಿನ್ನಿನ ನೆಂಟರಾದ ನೆಡ್8, ಐಎಸ್‌ಜಿ15 ಪ್ರೋಟೀನುಗಳೂ ಇದೇ ಎರಡು ಗ್ಲೈಸಿನ್ ಬಿಟ್ಟುಹೋಗುತ್ತವೆ.

ಸುಳ್ಳು ಗುರುತಿನ ಪ್ರಮಾಣವನ್ನು ಶೇ. 1ಕ್ಕೆ ಮಿತಿಗೊಳಿಸುವುದು ವಾಡಿಕೆ. ಆ ಶೇ. 1ನ್ನು ಇಡೀ ಪಟ್ಟಿಗಲ್ಲ, 114 ಹೊತ್ತ ಪೆಪ್ಟೈಡುಗಳಿಗೇ ಪ್ರತ್ಯೇಕವಾಗಿ ಲೆಕ್ಕ ಹಾಕು. ದತ್ತಾಂಶ ರಾಶಿ ಬಿದ್ದಷ್ಟೂ ಈ ಎಚ್ಚರ ಹೆಚ್ಚಬೇಕು. 2014ರಲ್ಲಿ ಮಾನವ ಪ್ರೋಟೀನುಗಳ ಎರಡು ಕರಡು ನಕ್ಷೆಗಳು ಒಟ್ಟಿಗೇ ಪ್ರಕಟವಾದವು. ಒಂದು ಜರ್ಮನಿಯ ಮ್ಯೂನಿಕ್‌ನಿಂದ ಬಂದದ್ದು. ಇನ್ನೊಂದು ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸೇರಿ ಮಾಡಿದ್ದು. 17,294 ಜೀನ್‌ಗಳ ಪ್ರೋಟೀನುಗಳು ಅದರಲ್ಲಿದ್ದವು. ಅಷ್ಟು ದೊಡ್ಡ ಕೆಲಸ ಇಲ್ಲಿಂದ ಆದದ್ದು ನನಗೆ ಇವತ್ತಿಗೂ ಹೆಮ್ಮೆ. ಆದರೆ ಮೂಗಿನ ಅಂಗಾಂಶವನ್ನೇ ಪರೀಕ್ಷಿಸದಿದ್ದರೂ ಎರಡೂ ಕರಡುಗಳಲ್ಲಿ ವಾಸನೆ ಗ್ರಹಿಸುವ ಗ್ರಾಹಕಗಳು ಹೇಗೆ ಬಂದವು ಎಂದು ಬೇರೆ ವಿಜ್ಞಾನಿಗಳು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ನಿನ್ನ ಪಟ್ಟಿಯಲ್ಲೂ ಆ ಕೋಶದಲ್ಲಿ ಇರಬಾರದ ಹೆಸರು ಕಂಡರೆ ಅದರ ಮೂಲ ರೋಹಿತವನ್ನು ತೆಗೆದು, ಬಿ ಮತ್ತು ವೈ ಅಯಾನುಗಳು (ಪೆಪ್ಟೈಡ್ ಒಡೆದಾಗ ಅದರ ಎರಡು ತುದಿಗಳಿಂದ ಸಿಗುವ ತುಣುಕುಗಳು) ಗುರುತಿನ ಎರಡೂ ಬದಿಗೆ ಸಾಲಾಗಿ ಸಿಗುತ್ತವೆಯೇ ಎಂದು ನೀನೇ ಕಣ್ಣಿಟ್ಟು ನೋಡು.

ನಿನ್ನ ಮಾದರಿ ಹಾಕುವ ಮುಂಚೆ ಒಂದು ಖಾಲಿ ಓಟ, ಆಮೇಲೆ 200 ನ್ಯಾನೊಗ್ರಾಂ ಹೀಲಾ (ಲ್ಯಾಬುಗಳಲ್ಲಿ ಬೆಳೆಸುವ ಮಾನವ ಕೋಶ) ಪೆಪ್ಟೈಡ್ ಓಡಿಸು. ಎರಡೂ ಕಚ್ಚಾ ಕಡತಗಳನ್ನು ನನಗೆ ಕಳಿಸು. ಸಯನೇಟಿನ 43 ಮತ್ತು ಮಾರ್ಜಕದ 44 ಎಲ್ಲಾದರೂ ಇಣುಕಿವೆಯೇ ಎಂದು ಕೂತು ನೋಡುತ್ತೇನೆ.

ನಿನ್ನ,
ವೆಂಕಟೇಶ