ಕಲ್ಲಿದ್ದಲಿನ ಒಲೆ ಮತ್ತು ಮನೆಯೊಳಗಿನ ಬೂದಿ: ದೊಡ್ಡಪ್ಪನ ಪತ್ರ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೆನ್ಸಿಲ್ವೇನಿಯಾದ ನಿಮ್ಮ ಹೊಸ ಮನೆಯಲ್ಲಿ ದೇವರ ಗೂಡಿನ ಹಿತ್ತಾಳೆ ದೀಪವನ್ನು ಬೆಳಿಗ್ಗೆ ಒರೆಸಿಟ್ಟರೂ ಸಂಜೆಯ ಹೊತ್ತಿಗೆ ಅದರ ಮೇಲೆ ಬೂದಿ ಕೂತಿರುತ್ತದೆ ಎಂದು ನೀನು ಬರೆದದ್ದನ್ನು ಓದಿದೆ. ಅಲ್ಲಿಯೇ ಹಲವು ಚಳಿಗಾಲಗಳನ್ನು ನಿಮ್ಮಂಥದೇ ಕಲ್ಲಿದ್ದಲಿನ ಒಲೆಯ ಮುಂದೆ ಕಳೆದವನಾಗಿ ಹೇಳುತ್ತೇನೆ: ಬೆಂಕಿಯ ಅಡಿಯ ಜಾಲರಿ ಅಲುಗಾಡಿಸಿ, ಅದರ ಕೆಳಗಿನ ಬೂದಿಯ ತಟ್ಟೆ ಖಾಲಿ ಮಾಡುವ ಕೆಲವೇ ನಿಮಿಷಗಳಲ್ಲಿ ಆ ಧೂಳಿನ ಬಹುಪಾಲು ಮನೆಯೊಳಗೆ ಹಾರುತ್ತದೆ. ಒರೆಸುವ ಶ್ರಮಕ್ಕಿಂತ ಆ ನಿಮಿಷಗಳ ಎಚ್ಚರವೇ ಹೆಚ್ಚು ಫಲ ಕೊಡುತ್ತದೆ.

ಅಲ್ಲಿನ ಆಂಥ್ರಾಸೈಟ್ ಎಂಬ ಗಟ್ಟಿ ಕಲ್ಲಿದ್ದಲು ನಮ್ಮೂರಿನ ಸೌದೆಯ ಹಾಗೆ ಉರಿಯುವುದಿಲ್ಲ. ಅದಕ್ಕೆ ಗಾಳಿ ಕೆಳಗಿನಿಂದ ಸಿಗಬೇಕು. 1808ರಲ್ಲಿ ಪೆನ್ಸಿಲ್ವೇನಿಯಾದ್ದೇ ಊರಾದ ವಿಲ್ಕ್ಸ್-ಬ್ಯಾರಿಯ ಜೆಸ್ಸಿ ಫೆಲ್ ಕಬ್ಬಿಣದ ಜಾಲರಿಯ ಮೇಲೆ ಅದನ್ನು ಉರಿಸಿ ತೋರಿಸಿದ ಮೇಲೆ ಮನೆಗಳಲ್ಲಿ ಅದರ ಬಳಕೆ ಹಬ್ಬತೊಡಗಿತು. ಸೌದೆ ಒಲೆಯಂತೆ ಮೇಲಿನಿಂದ ಕೆದಕಿದರೆ ಬೆಂಕಿಯೂ ಕೆಡುತ್ತದೆ, ಧೂಳೂ ಏಳುತ್ತದೆ.

ಮೊದಲು ಹೊಗೆಕೊಳವೆಯ ಡ್ಯಾಂಪರನ್ನು, ಅಂದರೆ ಸೆಳೆತವನ್ನು ಹೆಚ್ಚುಕಡಿಮೆ ಮಾಡುವ ಮುಚ್ಚಳವನ್ನು, ಪೂರ್ತಿ ತೆರೆ. ಚಿಮಣಿಯ ಸೆಳೆತ ಬಲವಾದಷ್ಟೂ ಎದ್ದ ಧೂಳು ಕೋಣೆಗೆ ಬರದೆ ಮೇಲಕ್ಕೆ ಹೋಗುತ್ತದೆ. ಹಿಂದಿನ ಸಲ ಬಿದ್ದ ಬೂದಿ ಅಷ್ಟರಲ್ಲಿ ಕೆಳಗೆ ಅಡಗಿ ಕೂತಿರುವುದರಿಂದ, ಜಾಲರಿಯನ್ನು ಮುಟ್ಟುವ ಮೊದಲೇ ಆ ತಟ್ಟೆಯನ್ನು ಮೆಲ್ಲಗೆ ಎಳೆದು ಖಾಲಿ ಮಾಡಿಬಿಡು. ಅನೇಕರು ಮೊದಲು ಅಲುಗಾಡಿಸಿ, ಬೂದಿ ಇನ್ನೂ ತೇಲುತ್ತಿರುವಾಗಲೇ ಬಾಗಿಲು ತೆರೆಯುತ್ತಾರೆ. ತೊಂದರೆಯ ಮೂಲ ಅಲ್ಲಿದೆ. ತಟ್ಟೆ ಹೊರಗಿದ್ದಾಗಲೂ ಬೂದಿಯ ಬಾಗಿಲನ್ನು ಮುಚ್ಚಿಯೇ ಇಡಬೇಕು, ಏಕೆಂದರೆ ಅದು ತೆರೆದಿದ್ದರೆ ಗಾಳಿ ನುಗ್ಗಿ ಒಲೆ ಮಿತಿಮೀರಿ ಕಾಯುತ್ತದೆ. ಖಾಲಿ ತಟ್ಟೆಯನ್ನು ಒಳಗಿಟ್ಟು, ಬಾಗಿಲನ್ನು ಭದ್ರಪಡಿಸಿದ ನಂತರ ಜಾಲರಿಯ ಹಿಡಿಯನ್ನು ಚಿಕ್ಕ ಚಿಕ್ಕದಾಗಿ ಆಡಿಸು. ಧೂಳು ಅಡಗಿದ ಮೇಲೆ ಡ್ಯಾಂಪರನ್ನು ಮೊದಲಿನ ಜಾಗಕ್ಕೆ ತರಲು ಮರೆಯಬೇಡ.

ತಟ್ಟೆಯನ್ನು ಎತ್ತರದಿಂದ ಸುರಿಯದೆ, ಹೊರಗಿಟ್ಟ ಕಬ್ಬಿಣದ ಬಕೆಟ್ಟಿನೊಳಕ್ಕೆ ಇಳಿಸಿ ಓರೆ ಮಾಡಿದರೆ ಬೂದಿ ಜಾರಿ ಬೀಳುತ್ತದೆ. ಬಕೆಟ್ಟಿಗೆ ಮುಚ್ಚಳವಿರಲಿ, ಅದು ಮರದ ಜಗಲಿಯಿಂದ ದೂರವಿರಲಿ. ಬೂದಿಯಲ್ಲಿ ಅಡಗಿದ ಕೆಂಡ ದಿನಗಟ್ಟಲೆ ಜೀವಂತವಾಗಿರಬಲ್ಲದು. ಆ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಡುವುದರಿಂದ ಬಕೆಟ್ಟನ್ನು ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಒಂದು ರಾತ್ರಿಯೂ ಇಡಬಾರದು. ಆ ಅನಿಲವನ್ನು ಪತ್ತೆಹಚ್ಚುವ ಅಲಾರಂ ಮಲಗುವ ಕೋಣೆಗಳ ಬಳಿ ಇದೆಯೇ ಎಂದು ಇಂದೇ ನೋಡು.

ನೆಲಕ್ಕೆ ಪೊರಕೆ ಬೇಡ, ಒದ್ದೆ ಬಟ್ಟೆ ಸಾಕು. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಈ ನುಣ್ಣನೆಯ ಬೂದಿಯನ್ನು ಹಿಂದಿನಿಂದ ಮತ್ತೆ ಕೋಣೆಗೇ ಉಗುಳುತ್ತದೆ. ಅತಿ ಸಣ್ಣ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ, ಬೂದಿಗೆಂದೇ ಮಾಡಿದ ಯಂತ್ರವನ್ನು ಕೊಳ್ಳು, ಪೂರ್ತಿ ತಣ್ಣಗಾದ ಬೂದಿಗೆ ಮಾತ್ರ ಬಳಸು. ಹೊಗೆಕೊಳವೆಯ ಅಡ್ಡ ಭಾಗಗಳಲ್ಲೂ ತಿರುವುಗಳಲ್ಲೂ ಹಾರುಬೂದಿ ಶೇಖರವಾಗಿ ಸೆಳೆತ ಕುಗ್ಗುತ್ತದೆ. ಆಗ ಧೂಳಷ್ಟೇ ಅಲ್ಲ, ವಿಷಾನಿಲವೂ ಕೋಣೆಗೆ ತಿರುಗಬಹುದು. ಆದ್ದರಿಂದ ಚಳಿಗಾಲದ ನಡುವೆ ಒಮ್ಮೆಯಾದರೂ ಬೆಂಕಿ ಆರಿಸಿ ಕೊಳವೆಯನ್ನು ಶುಚಿಮಾಡಿಸು.

ಊರಿನಲ್ಲಿ ಸೌದೆಯ ಬೂದಿಯಿಂದ ಪಾತ್ರೆ ಬೆಳಗಿದ್ದನ್ನೂ ಗಿಡಗಳಿಗೆ ಹಾಕಿದ್ದನ್ನೂ ನೀನು ಕಂಡಿದ್ದೀಯೆ. ಕಲ್ಲಿದ್ದಲಿನ ಬೂದಿಯಲ್ಲಿ ಆರ್ಸೆನಿಕ್‌ನಂಥ ವಿಷವಸ್ತುಗಳು ಇರುವುದರಿಂದ ಅದನ್ನು ಪಾತ್ರೆಗೂ ತರಕಾರಿ ಮಡಿಗೂ ಸೋಕಿಸಬೇಡ. ಜಾರುವ ಮಂಜುಗಡ್ಡೆಯ ಮೇಲೆ ಚೆಲ್ಲುವ ರೂಢಿ ಅಲ್ಲಿದೆ. ನೀವೂ ಚೆಲ್ಲುವುದಾದರೆ ಎಲ್ಲರೂ ಬೂಟುಗಳನ್ನು ಹೊಸ್ತಿಲಾಚೆಯೇ ಬಿಟ್ಟು ಒಳಗೆ ಬನ್ನಿ.

ಇತಿ,
ನಿನ್ನ ದೊಡ್ಡಪ್ಪ