ಮನೆ ಮಾರುವ ಮುಂಚೆ ಅಮ್ಮನನ್ನು ಕೇಳಿ

ಫೀನಿಕ್ಸ್, ಅಮೆರಿಕ
ಭಾನುವಾರ

ತೀರ್ಥರೂಪ ಅಪ್ಪನಿಗೆ ಸುಮಾ ಮಾಡುವ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದನ್ನು ಹದಿನೈದು ದಿನ ಬಿಟ್ಟು ತಿಳಿಸುವುದಾ? ಮಂಡಿ ಊತ ಇಳಿಯಿತಾ? ಎಕ್ಸ್‌ರೇ ಫೋಟೋ ಇವತ್ತೇ ವಾಟ್ಸಾಪ್ ಮಾಡಿ. ಅದರ ಮೇಲೆ, ಶಿವಮೊಗ್ಗದ ಮನೆ ಮಾರಿ ಮೈಸೂರಿನ ಹತ್ತಿರ ಹಿರಿಯರ ವಸತಿಗೆ ಹೋಗುತ್ತೇವೆ ಅಂತ ಪತ್ರದ ಕೊನೆಗೆ ಎರಡೇ ಸಾಲು. ಓದಿ ಅಳು ಬಂತು. ನಾನು ದೂರ ಇರುವುದಕ್ಕೇ ಹೀಗಾಯಿತು ಅನ್ನಿಸಿತು.

ನಿನ್ನೆ ಆಫೀಸಿನ ಗೆಳತಿ ಅವಳ ತಾಯಿಯನ್ನು ನೋಡಲು ಸನ್ ಸಿಟಿಗೆ ಕರೆದುಕೊಂಡು ಹೋದಳು. 1960ರ ಜನವರಿ 1ರಂದು ಡೆಲ್ ವೆಬ್ ಅನ್ನುವ ಬಿಲ್ಡರ್ ಹತ್ತಿ ಬೆಳೆಯುತ್ತಿದ್ದ ಜಾಗದಲ್ಲಿ ಹಿರಿಯರಿಗಾಗಿಯೇ ಶುರು ಮಾಡಿದ ಊರು. ಮನೆಯಲ್ಲಿ ಒಬ್ಬರಿಗಾದರೂ 55 ತುಂಬಿರಬೇಕು. ಮೊಮ್ಮಕ್ಕಳು ಬಂದು ಹೋಗಬಹುದು, ಅಲ್ಲೇ ಇದ್ದುಬಿಡುವಂತಿಲ್ಲ! ಅಜ್ಜ ಅಜ್ಜಿಯರು ಗಾಲ್ಫ್ ಮೈದಾನದ ಪುಟ್ಟ ಗಾಡಿಯನ್ನು ರಸ್ತೆಗೇ ತಂದು ತರಕಾರಿಗೆ ಹೋಗುತ್ತಾರೆ. ನಿಮಗೆ ತೋರಿಸಬೇಕಿತ್ತು.

ಗೆಳತಿಯ ತಾಯಿಗೆ 78. ಷಿಕಾಗೋದಲ್ಲಿ ಮಹಡಿ ಮನೆ ಇತ್ತಂತೆ. ಬಾಗಿಲ ಮುಂದಿನ ಹಿಮ ಎತ್ತಿ ಎತ್ತಿ ಸೊಂಟ ಹಿಡಿಯಿತಂತೆ. ಗಂಡ ತೀರಿಕೊಂಡ ಮೇಲೆ ರಾತ್ರಿ ಕಾರು ಓಡಿಸಲು ಭಯ. ಅಕ್ಕಪಕ್ಕದ ಹಳಬರೂ ಒಬ್ಬೊಬ್ಬರಾಗಿ ಹೋದರು. "ಮಗಳು ಕರೆದಳು. ಆದರೆ ಅವಳ ಮನೆಯಲ್ಲಿ ಹಗಲಿಡೀ ನಾನೊಬ್ಬಳೇ. ಇಲ್ಲಿ ಬೆಳಿಗ್ಗೆ ಕುಂಬಾರಿಕೆ, ಸಂಜೆ ಇಸ್ಪೀಟು" ಅಂದರು. ಮನೆಯಲ್ಲಿ ಒಂದೇ ಒಂದು ಮೆಟ್ಟಿಲಿಲ್ಲ. ನಮ್ಮ ಬಚ್ಚಲಿಗೆ ಇಳಿಯುವ ಎರಡು ಮೆಟ್ಟಿಲು ನೆನಪಾಯಿತು.

ದೊಡ್ಡಪ್ಪ "ಮಗಳು ವೃದ್ಧಾಶ್ರಮಕ್ಕೆ ಹಾಕಿದಳು" ಅಂದರೆ ಅನ್ನಲಿ ಬಿಡಿ. ನನಗೆ ಒಂದೇ ಭಯ. ಅಮ್ಮನನ್ನು ಕೇಳಿದಿರಾ? ಪತ್ರದಲ್ಲಿ ಎಲ್ಲ ಕಡೆ "ನಾವು" ಅಂತಿದೆ, ಅಮ್ಮನ ಮಾತು ಒಂದೂ ಇಲ್ಲ. ಸಂಜೆ ಜಗಲಿಯಲ್ಲಿ ಶಾರದಕ್ಕ ಇಲ್ಲದೆ ಅಮ್ಮನಿಗೆ ಹೊತ್ತು ಹೋಗುತ್ತಾ? ಸುಮ್ನೆ ಒಂದು ತಿಂಗಳು ಆ ವಸತಿಯಲ್ಲಿ ಬಾಡಿಗೆಗೆ ಇದ್ದು ನೋಡಿ. ರಾತ್ರಿ ಎರಡಕ್ಕೆ ಬೆಲ್ ಒತ್ತಿದರೆ ಯಾರು ಬರುತ್ತಾರೆ? ಬಿಟ್ಟು ಬಂದರೆ ಠೇವಣಿ ಎಷ್ಟು ವಾಪಸ್ ಸಿಗುತ್ತೆ? ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ. ಮನೆ ಮಾತ್ರ ಈಗಲೇ ಮಾರಬೇಡಿ.

ದುಡ್ಡಿನ ಚಿಂತೆ ಬೇಡವೇ ಬೇಡ. ನನ್ನ ಕೆಲಸ ಗಟ್ಟಿ ಇದೆ. ಊಟ ನಿದ್ದೆ ಎಲ್ಲ ಸರಿಯಾಗಿದೆ, ನಿಜವಾಗಿಯೂ. ಡಿಸೆಂಬರ್‌ಗೆ ಬರುತ್ತೇನೆ, ಮೂವರೂ ಹೋಗಿ ನೋಡೋಣ. ಅಲ್ಲಿಯವರೆಗೆ ರಮೇಶನಿಗೆ ಹೇಳಿ ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ, ನಾಳೆಯೇ. ಪುಟ್ಟಿ ಎದ್ದು ಅಳುತ್ತಿದ್ದಾಳೆ, ನಿಲ್ಲಿಸುತ್ತೇನೆ.

ನಿಮ್ಮ
ಸುಮಾ